ಕಾಲಿಂಚಿನ ದೋಣಿ

ಮಲೆನಾಡಿನ ಪ್ರತಿ ಮನೆಯಲ್ಲೂ ಮಳೆ ಹಿಡಿಯುವುದರೊಳಗೆ ಮುಗಿಸಬೇಕಾದ ಕೆಲಸಗಳ ಒಂದು ಪಟ್ಟಿ ಇರುತ್ತದೆ. ಅದನ್ನು ಯಾರೂ ಬರೆದಿಡುವುದಿಲ್ಲ. ಹೆಂಚು ಸರಿಮಾಡಬೇಕು, ಸೌದೆ ಒಳಗೆ ಸೇರಿಸಬೇಕು, ಹಪ್ಪಳ ಸಂಡಿಗೆ ಒಣಗಿ ಡಬ್ಬಿಗೆ ಹೋಗಬೇಕು, ದರಗು ಗುಡಿಸಿ ಕೊಟ್ಟಿಗೆಯ ಮೂಲೆಗೆ ತುಂಬಬೇಕು, ತೋಟದಲ್ಲಿ ಮರಗಸಿ ಮುಗಿದಿರಬೇಕು. ರೋಹಿಣಿ ಕಳೆದು ಮೃಗಶಿರ ಹುಟ್ಟುವಷ್ಟರಲ್ಲಿ ಇದೆಲ್ಲ ಆಗಿರಬೇಕು. 2024ರ ಬೇಸಿಗೆಯಲ್ಲಿ ನಮ್ಮ ಮನೆಯ ಪಟ್ಟಿಗೆ ಇನ್ನೊಂದು ಕೆಲಸ ಸೇರಿಕೊಂಡಿತ್ತು: ಗೋಡೌನಿನಲ್ಲಿ ಬೋರಲು ಮಲಗಿದ್ದ ದೋಣಿಗೆ ಗಾಜಿನ ಬಟ್ಟೆ ಹೊದಿಸಿ ರಾಳ ಕುಡಿಸುವುದು.

ನಮ್ಮ ತೋಟ ಇರುವುದು ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ. ಸುತ್ತಮುತ್ತ ನೀರಿಗೇನೂ ಕೊರತೆಯಿಲ್ಲ. ಹೇಮಾವತಿ ಹುಟ್ಟುವ ಜಾವಳಿ ಇಲ್ಲೇ ಪಕ್ಕದಲ್ಲಿದೆ. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕುದುರೆಮುಖ ದಾಟಿ ಕಳಸವನ್ನು ಬಳಸಿಕೊಂಡು ಬಾಳೆಹೊನ್ನೂರಿನ ಕಡೆ ಇಳಿಯುತ್ತದೆ. ಇಷ್ಟೆಲ್ಲ ಇದ್ದರೂ ಖುಷಿಗೆಂದು ದೋಣಿ ಇಟ್ಟುಕೊಂಡ ಮನೆ ನಾನು ಕಂಡಿಲ್ಲ. ಜೀಪು ಇದೆ, ಟಿಲ್ಲರ್ ಇದೆ, ಕೋವಿ ಇದೆ. ದೋಣಿ ಎಂದರೆ ಮಾತ್ರ ಹಳಬರ ಮುಖದಲ್ಲಿ ಒಂದು ಬಗೆಯ ಬಿಗಿ ಬರುತ್ತದೆ.

ನಾನು ಮಾಡಲು ಹೊರಟದ್ದು ನಮ್ಮ ಕಡೆಯ ದೋಣಿಯಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಕಟ್ಟುತ್ತಿದ್ದ ಕನೂ ಎಂಬ ಹಗುರ ದೋಣಿಯ ವಂಶದ್ದು. ತೊಗಟೆಯ ಜಾಗಕ್ಕೆ ತೆಳ್ಳಗಿನ ಮರದ ಪಟ್ಟಿ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಕೆನಡಾದ ಪೀಟರ್‌ಬರೋ ಎಂಬ ಊರು ಅದಕ್ಕೆ ಹೆಸರುವಾಸಿ. ಆಮೇಲೆ ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ರಾಳ ಬಂದ ಮೇಲೆ ಈ ಕೆಲಸ ಕಾರ್ಖಾನೆಯಿಂದ ಮನೆಯ ಶೆಡ್ಡಿಗೆ ಇಳಿಯಿತು. ಟೆಡ್ ಮೂರ್ಸ್ ಎಂಬ ದೋಣಿಗಾರ ಮೆರಿಲಿನ್ ಮೋರ್ ಜೊತೆ ಸೇರಿ 1983ರಲ್ಲಿ ಹೊರತಂದ ‘ಕನೂಕ್ರಾಫ್ಟ್’ ಪುಸ್ತಕ ಓದಿಕೊಂಡು ಜಗತ್ತಿನ ಎಲ್ಲೆಲ್ಲೋ ಜನ ತಮ್ಮ ತಮ್ಮ ಕಾರ್ ಶೆಡ್ಡುಗಳಲ್ಲಿ ದೋಣಿ ಕಟ್ಟಿದ್ದಾರೆ. ವಿಧಾನ ಕೇಳಲು ಸರಳ. ದೋಣಿಯನ್ನು ಬ್ರೆಡ್ಡಿನ ಹಾಗೆ ಅಡ್ಡಡ್ಡ ಕತ್ತರಿಸಿದರೆ ಒಂದೊಂದು ಹೋಳು ಯಾವ ಆಕಾರದಲ್ಲಿ ಕಾಣುತ್ತದೋ ಆ ಆಕಾರದ ಪ್ಲೈವುಡ್ ಅಚ್ಚುಗಳನ್ನು ಅಡಿಗೊಂದರಂತೆ ನೆಟ್ಟಗೆ ನಿಲ್ಲಿಸಬೇಕು. ಅವುಗಳ ಮೇಲೆ ಕಾಲಿಂಚು ದಪ್ಪ, ಮುಕ್ಕಾಲಿಂಚು ಅಗಲದ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸುತ್ತ ಬಗ್ಗಿಸಬೇಕು. ಹೊಟ್ಟೆ ಮುಚ್ಚಿದ ಮೇಲೆ ಒಳಗೂ ಹೊರಗೂ ಗಾಜಿನ ಬಟ್ಟೆ ಹೊದಿಸಬೇಕು. ಆ ಅಚ್ಚುಗಳನ್ನು ಹೊರಗೆಳೆದರೆ ಉಳಿಯುವುದು ದೋಣಿ.

ಮರ ಮನೆಯದೇ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ನಮ್ಮ ತಾಲ್ಲೂಕನ್ನು ಹೇಗೆ ಹೊಡೆಯಿತು ಎಂಬುದು ಮೂಡಿಗೆರೆಯ ಕಡೆಯವರಿಗೆ ಹೇಳಬೇಕಾಗಿಲ್ಲ. ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಜಾರಿ ಮನೆ ತೋಟಗಳ ಮೇಲೆ ಬಂತು. ನಮ್ಮಲ್ಲಿ ಆದದ್ದು ಅದರ ಮುಂದೆ ಏನೂ ಅಲ್ಲ. ಕೆರೆಯ ಮೇಲಿನ ಒಂದು ದೊಡ್ಡ ಗಂಧಗರಿಗೆ ಬೇರುಸಮೇತ ಉರುಳಿತು. ಅರಣ್ಯ ಇಲಾಖೆಯ ಕಾಗದಪತ್ರ ಮುಗಿಸಿ, ಸಾ ಮಿಲ್ಲಿನಲ್ಲಿ ಸೀಳಿಸಿ, ಹಲಗೆಗಳ ನಡುವೆ ರೀಪು ಕೊಟ್ಟು ಪೇರಿಸಿಟ್ಟಿದ್ದೆವು. ಬಾಗಿಲಿಗೋ ಮಂಚಕ್ಕೋ ಆದೀತೆಂದು ಅಪ್ಪ ಹೇಳಿದ್ದರು. ಅಪ್ಪ ಹೋದರು, ಹಲಗೆ ಉಳಿಯಿತು.

ಪುಸ್ತಕಗಳಲ್ಲಿ ಇಂಥ ದೋಣಿಗೆ ಹೇಳುವ ಮರ ‘ವೆಸ್ಟರ್ನ್ ರೆಡ್ ಸೀಡರ್’. ನಮ್ಮ ಪ್ಲಾಂಟರುಗಳೂ ಗಂಧಗರಿಗೆಯನ್ನು ರೆಡ್ ಸೀಡರ್ ಎಂದೇ ಕರೆಯುತ್ತಾರೆ. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅಮೆರಿಕದ್ದು ಸೂಚಿಪರ್ಣಿ, ನಮ್ಮದು ಬೇವಿನ ಕುಟುಂಬದ್ದು. ತಮಾಷೆಯೆಂದರೆ ಆಸ್ಟ್ರೇಲಿಯದವರು ತಮ್ಮ ಕಾಡುಗಳಿಂದ ಕಡಿದು ಕಡಿದು ಮುಗಿಸಿದ ‘ರೆಡ್ ಸೀಡರ್’ ನಮ್ಮ ಗಂಧಗರಿಗೆಯೇ, ಒಂದೇ ಜಾತಿ. ಅದೇ ಆಸ್ಟ್ರೇಲಿಯದ ಸಿಲ್ವರ್ ಓಕ್ ಇಲ್ಲಿ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ಬೀಡುಬಿಟ್ಟಿದೆ. ನಾಲ್ಕು ಖಂಡದ ಮರಗಳಿಗೂ ಬಿಳಿಯರು ಸೀಡರ್ ಎಂದದ್ದು ವಾಸನೆ ನೋಡಿ, ಬಣ್ಣ ನೋಡಿ. ಕೆಂಪು, ಹಗುರ, ಮೂಸಿದರೆ ಘಂ ಅನ್ನಬೇಕು, ಗೆದ್ದಲು ಬೇಗ ಮುಟ್ಟಬಾರದು. ಆ ಪರೀಕ್ಷೆಯಲ್ಲಿ ನಮ್ಮದು ಪಾಸಾಗುತ್ತದೆ, ತೂಕದಲ್ಲಿ ಕೊಂಚ ಹೆಚ್ಚು ಅಷ್ಟೆ.

ಕೈಯಾಸರೆಗೆ ಬಂದವರು ಆಚಾರ್ರು. ಎಪ್ಪತ್ತು ದಾಟಿದೆ. ಅವರ ತಂದೆ ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದವರು. ತೋಟದ ಮನೆಗಳ ಕೆಲಸದ ಜೊತೆಗೆ ಭದ್ರೆಯ ದಡದ ಊರುಗಳಲ್ಲಿ ದೋಣಿ ಕೆತ್ತುವುದು, ಹಳೆಯದಕ್ಕೆ ತೇಪೆ ಹಾಕುವುದು ಮಾಡುತ್ತಿದ್ದರಂತೆ. ಆಚಾರ್ರು ಹುಡುಗನಾಗಿದ್ದಾಗ ಅಪ್ಪನ ಜೊತೆ ಬಾಚಿ ಹಿಡಿದು ಹೋದವರು. ಆ ದೋಣಿಗಳು ಒಂಟಿ ಮರದವು. ಹೆಬ್ಬಲಸೋ ಮಾವೋ ಧೂಪವೋ, ಎರಡಾಳು ತಬ್ಬಿದರೂ ಸಾಲದ ದಿಮ್ಮಿ ಬೇಕು. ಹೊರಗನ್ನು ಕೆತ್ತಿ ರೂಪ ಕೊಟ್ಟು, ಒಳಗನ್ನು ಬಾಚಿಯಿಂದ ತೋಡಿ, ಬೆಂಕಿಯ ಶಾಖ ಮತ್ತು ಬಿಸಿನೀರಿನಿಂದ ಅಂಚನ್ನು ಅಗಲ ಮಾಡಿ, ಆಮೇಲೆ ಮೀನೆಣ್ಣೆಯೋ ಗೇರೆಣ್ಣೆಯೋ ಕುಡಿಸಬೇಕು. ಬಿರುಕು ಬಿಟ್ಟರೆ ಧೂಪದ ಮರದ ರಾಳ ಎಣ್ಣೆಯಲ್ಲಿ ಕಾಸಿ ತುಂಬಬೇಕು.

ನನ್ನ ನಕ್ಷೆಗಳನ್ನು ನೋಡಿ ಆಚಾರ್ರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ದಪ್ಪ ಅಂದ್ರಿ ಗೌಡ್ರೆ?”

“ಕಾಲಿಂಚು.”

“ಹಲಗೆಯಾ ದೋಣಿಯಾ?”

“ದೋಣಿಯೇ.”

ಅವರು ಬೀಡಿ ಹಚ್ಚಿ ಸುಮ್ಮನೆ ಕೂತರು. ನಮ್ಮಪ್ಪ ಕೆತ್ತಿದ ದೋಣಿಯ ತಳ ಮೂರು ಬೆರಳು ಇರ್ತಿತ್ತು, ಬಂಡೆಗೆ ಹೊಡೆದ್ರೆ ಬಂಡೆಗೇ ಪೆಟ್ಟು, ಅಂದರು. ಇಷ್ಟಾದರೂ ಮರುದಿನ ಬೆಳಗ್ಗೆ ಎಂಟಕ್ಕೆ ಕೀಸುಳಿ, ಉಳಿ ಚೀಲದಲ್ಲಿ ಹಾಕಿಕೊಂಡು ಬಂದರು.

ಅವರಿಗೆ ಹೊಟ್ಟೆ ಉರಿದದ್ದು ಪಟ್ಟಿ ಸೀಳುವಾಗ. ಆರು ಮಿಲಿಮೀಟರಿನ ಒಂದು ಪಟ್ಟಿ ತೆಗೆಯಲು ಗರಗಸದ ಅಲಗು ಮೂರು ಮಿಲಿಮೀಟರ್ ಮರವನ್ನು ಪುಡಿ ಮಾಡುತ್ತದೆ. ಎಂದರೆ ಮೂರರಲ್ಲಿ ಒಂದು ಪಾಲು ಹೊಟ್ಟು. ಗೋಡೌನಿನ ನೆಲದಲ್ಲಿ ಕೆಂಪು ಪುಡಿಯ ಗುಡ್ಡೆ ಬಿತ್ತು. ಸಮಾಧಾನವಾಗಲೆಂದು ನಾನು ಲೆಕ್ಕ ಹಾಕಿ ತೋರಿಸಿದೆ. ಹದಿನೇಳು ಅಡಿ ಉದ್ದದ ಎಪ್ಪತ್ತು ಪಟ್ಟಿ ಸೇರಿದರೂ ಒಂದೂವರೆ ಸಿಎಫ್‌ಟಿ ಚಿಲ್ಲರೆ. ಹೊಟ್ಟಿನ ಪಾಲು, ಬಿಟ್ಟ ಗಂಟು, ಮುರಿದ ತುಂಡು ಸೇರಿಸಿದರೂ ಮೂರು ದಾಟುವುದಿಲ್ಲ. ಒಂಟಿ ಮರದ ದೋಣಿಗೆ ನೂರು ವರ್ಷದ ಮರವೊಂದನ್ನು ಕಡಿದು, ಅದರ ಬಹುಪಾಲನ್ನು ಚಕ್ಕೆಯಾಗಿ ಒಲೆಗೆ ಹಾಕುತ್ತಿದ್ದರಲ್ಲ. ಆಚಾರ್ರು ಲೆಕ್ಕ ಕೇಳಿಸಿಕೊಂಡರು. “ಅದು ನಿಜ. ಈಗ ಆ ಮರವೂ ಇಲ್ಲ, ಕಡಿಯೋಕೆ ಬಿಡೋದೂ ಇಲ್ಲ,” ಅಂದರು. ಅವತ್ತಿನಿಂದ ಹೊಟ್ಟನ್ನು ಗೋಣಿಯಲ್ಲಿ ತುಂಬಿ ಮನೆಗೆ ಒಯ್ದರು, ಒಲೆಗೆ.

ಅಮ್ಮ ಗೋಡೌನಿನ ಕಡೆ ತಲೆ ಹಾಕಲಿಲ್ಲ.

ಅದಕ್ಕೆ ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಮ್ಮನ ತವರು ಭದ್ರೆಯ ಆಚೆ ದಡದಲ್ಲಿ, ಕಳಸದಿಂದ ಕೆಳಗೆ. ಆಗ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಬಂಡೆ ಹಾರಿಕೊಂಡು ದಾಟುವುದು, ಮಳೆಗಾಲದಲ್ಲಿ ದೋಣಿ. ಹಳಬರು ಉಕ್ಕಡ ಅನ್ನುತ್ತಿದ್ದರು. 1971ರ ಆಶ್ಲೇಷ ಮಳೆಯಲ್ಲಿ ಅಮ್ಮನ ಅಮ್ಮನಿಗೆ, ಹೆರಿಗೆಯಾಗಿ ಮೂರನೇ ದಿನ, ಜ್ವರ ಏರಿತು. ಕಂಬಳಿ ಜೋಲಿಯಲ್ಲಿ ಹೊತ್ತು ದೋಣಿಗಂಡಿಗೆ ತಂದಾಗ ಕತ್ತಲು ಕವಿಯುತ್ತಿತ್ತು. ಅಮ್ಮನಿಗೆ ಆಗ ಹನ್ನೊಂದು ವರ್ಷ. ಲಾಟೀನು ಹಿಡಿದು ಹಿಂದೆ ನಡೆದು ಬಂದಿದ್ದಳು. ಅಂಬಿಗ ಹೊಳೆ ನೋಡಿದ, ಆಗಲ್ಲ ಅಂದ. ಅಜ್ಜ ಬೇಡಿದರು, ಬೈದರು, ದುಡ್ಡು ತೆಗೆದಿಟ್ಟರು. ಅವನು ಬೆಳಕು ಹರಿಯಲಿ ಅಂದ. ಬೆಳಕು ಹರಿಯುವುದರೊಳಗೆ ಅಜ್ಜಿ ಹೋದಳು. ಆ ಕೂಸು ಬದುಕಿತು. ಅದೇ ನಮ್ಮ ಚಿಕ್ಕಮ್ಮ.

ಅಮ್ಮ ಆ ಅಂಬಿಗನ ಹೆಸರನ್ನು ನನ್ನ ಜೀವಮಾನದಲ್ಲಿ ಹೇಳಿದ್ದು ಕೇಳಿರಲಿಲ್ಲ. ‘ಅವನು’ ಎಂದಷ್ಟೇ. ಕಳಸದ ಪೇಟೆಯಲ್ಲಿ ಅವನು ಎದುರಾದರೆ ಅಂಗಡಿಯೊಳಗೆ ಹೋಗಿ ನಿಲ್ಲುತ್ತಿದ್ದಳಂತೆ. ಅವನು ಸತ್ತ ಸುದ್ದಿ ಬಂದಾಗಲೂ ಏನೂ ಹೇಳಲಿಲ್ಲ. ಹೊಳೆ ದಾಟಲಾಗದೆ ಸತ್ತವರ ಕಥೆ ಇಲ್ಲಿ ಹಲವು ಮನೆಯಲ್ಲಿದೆ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಪಯಸ್ವಿನಿಗೆ ಅಡ್ಡಲಾಗಿ ಅರಂಬೂರಿನಲ್ಲಿ ಕಟ್ಟಿದ ತೂಗುಸೇತುವೆಯಿಂದ ಶುರುಮಾಡಿ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರಲ್ಲ, ಪತ್ರಿಕೆಗಳು ಅದನ್ನು ಸಾಧನೆ ಎಂದು ಬರೆದವು, 2017ರಲ್ಲಿ ಪದ್ಮಶ್ರೀ ಬಂತು. ಹೊಳೆಯ ಆಚೆ ಬದಿಯವರು ಆ ಸುದ್ದಿಯನ್ನು ಓದುವ ರೀತಿಯೇ ಬೇರೆ. ಅವರು ಮನಸ್ಸಿನಲ್ಲಿ ವರ್ಷ ಎಣಿಸುತ್ತಾರೆ. ಇಷ್ಟು ವರ್ಷ ಮೊದಲೇ ಬಂದಿದ್ದರೆ ಯಾರ್ಯಾರು ಉಳಿಯುತ್ತಿದ್ದರು ಎಂದು.

ನಾನು ಮೊದಲ ಸಲ ದೋಣಿಯ ಮಾತೆತ್ತಿದಾಗ ಅಮ್ಮ ಕೇಳಿದ್ದು ಒಂದೇ ಮಾತು. “ಈಗ ಎಲ್ಲ ಕಡೆ ಸೇತುವೆ ಆಗಿದೆ. ಈಗ ಯಾಕೆ ಮಾರಾಯ?”

ನನ್ನ ಬಳಿ ಉತ್ತರವಿರಲಿಲ್ಲ. ಬೇಕಾದಾಗ ಇಲ್ಲದ ವಸ್ತುವನ್ನು ಬೇಡವಾದ ಕಾಲದಲ್ಲಿ ಕಟ್ಟುವುದಕ್ಕೆ ಕಾರಣ ಹೇಳುವುದು ಕಷ್ಟ. ಕೈಗೆ ಕೆಲಸ ಬೇಕಿತ್ತು, ಅಪ್ಪ ಬಿಟ್ಟುಹೋದ ಹಲಗೆ ಇತ್ತು, ಕಾಫಿ ಮಾರಿ ಗೋಡೌನು ಖಾಲಿಯಾಗಿತ್ತು. ಇವು ಯಾವುವೂ ಅಮ್ಮನ ಪ್ರಶ್ನೆಗೆ ಉತ್ತರವಲ್ಲ.

ಮಾರ್ಚ್ ಕೊನೆಗೆ ಅಚ್ಚುಗಳು ಏಣಿಯಂಥ ಚೌಕಟ್ಟಿನ ಮೇಲೆ ನಿಂತವು. ಅವು ಸಾಲಾಗಿ ನಿಂತದ್ದು ನೋಡಿದರೆ ದೊಡ್ಡ ಮೀನಿನ ಮುಳ್ಳಿನ ಹಾಗೆ ಕಾಣುತ್ತಿತ್ತು. ಹಲಗೆ ಹತ್ತಡಿಯವಾದ್ದರಿಂದ ಎರಡೆರಡು ಪಟ್ಟಿಗಳ ತುದಿಯನ್ನು ಓರೆಯಾಗಿ ಕೀಸಿ ಬೆಸೆದು ಉದ್ದ ಮಾಡಿಕೊಂಡೆವು. ಪುಸ್ತಕದಲ್ಲಿ ಪಟ್ಟಿಯ ಒಂದಂಚಿಗೆ ಉಬ್ಬು, ಇನ್ನೊಂದಂಚಿಗೆ ತಗ್ಗು ಕೊರೆಯುವ ಯಂತ್ರದ ಬಿಟ್ ಹೇಳಿದ್ದಾರೆ. ಉಬ್ಬು ತಗ್ಗಿನಲ್ಲಿ ಕೂತರೆ ಸಂದಿ ಬೀಳುವುದಿಲ್ಲ. ಆಚಾರ್ರಿಗೆ ಅದು ಬೇಕಾಗಲಿಲ್ಲ. ದೋಣಿಯ ನಡುವಿನಲ್ಲಿ ಪಟ್ಟಿಗಳು ಮಟ್ಟಸವಾಗಿ ಕೂರುತ್ತವೆ, ತಳ ತಿರುಗುವ ಜಾಗದಲ್ಲಿ ಓರೆಯಾಗುತ್ತವೆ, ಮೂತಿಯ ಹತ್ತಿರ ಇನ್ನೂ ತಿರುಚುತ್ತವೆ. ಒಂದೇ ಪಟ್ಟಿಯ ಅಂಚಿನ ಓರೆ ಅಡಿಯಿಂದ ಅಡಿಗೆ ಬದಲಾಗಬೇಕು. ಆಚಾರ್ರು ಪಟ್ಟಿಯನ್ನು ಜಾಗದಲ್ಲಿಟ್ಟು, ಒಂದು ಕಣ್ಣು ಮುಚ್ಚಿ ಬೆಳಕು ಎಲ್ಲಿ ನುಸುಳುತ್ತದೆ ನೋಡಿ, ಕೆಳಗಿಳಿಸಿ ಕೀಸುಳಿಯಲ್ಲಿ ಎರಡೆಳೆತ ಎಳೆದು, ಮತ್ತೆ ಇಡುತ್ತಿದ್ದರು. ಬೆಳಕು ನುಸುಳುವುದು ನಿಂತರೆ ಅಂಟು. ದಿನಕ್ಕೆ ಒಂದೊಂದು ಪಕ್ಕಕ್ಕೆ ಮೂರು ಪಟ್ಟಿ.

ದೋಣಿ ಹೊತ್ತೊಯ್ಯಲು ನಡುವೆ ಒಂದು ಅಡ್ಡಮರ ಬೇಕು, ಹೆಗಲಿಗೆ ಕೂರುವಂತೆ ಬಳುಕು ಕೊಟ್ಟದ್ದು. ಇಂಗ್ಲಿಷಿನಲ್ಲಿ ಅದಕ್ಕೆ ನೊಗ ಎಂದೇ ಹೆಸರು. ಎಲ್ಲ ಭಾಗಗಳಲ್ಲಿ ಆಚಾರ್ರಿಗೆ ವಿವರಿಸಬೇಕಾಗಿಲ್ಲದ್ದು ಅದೊಂದೇ. ಎತ್ತಿನ ಕುತ್ತಿಗೆಗೆ ಮಾಡಿದ ಕೈ ನನ್ನ ಕುತ್ತಿಗೆಗೆ ಅಳತೆ ತೆಗೆದುಕೊಂಡಿತು. ಹಲಸಿನ ಮರದಲ್ಲಿ ಅದನ್ನು ಕೆತ್ತಿದರು. ಕೂರುವ ಹಲಗೆಯ ಬದಲು ಚೌಕಟ್ಟು ಮಾಡಿ ಬೆತ್ತ ಹೆಣೆಯುವುದೆಂದು ಆಯಿತು.

ಏಪ್ರಿಲ್ ಮಧ್ಯದಲ್ಲಿ ಒಂದು ಮಧ್ಯಾಹ್ನ ಅಮ್ಮ ಬಂದಳು. ಆಚಾರ್ರಿಗೆ ಚಹಾ ತಂದಿದ್ದಳು. ದಿನಾ ಕೆಲಸದವರ ಕೈಯಲ್ಲಿ ಕಳಿಸುತ್ತಿದ್ದವಳು ಅವತ್ತು ತಾನೇ ತಂದಳು. ದೋಣಿಯ ಹೊಟ್ಟೆ ಮುಕ್ಕಾಲು ಮುಚ್ಚಿತ್ತು. ಅಂಟು ಒಸರಿ ಪಟ್ಟಿಪಟ್ಟಿಯಾಗಿ, ಸ್ಟೇಪಲ್ ಪಿನ್ನು ಚುಚ್ಚಿಕೊಂಡು, ನೋಡಲು ಏನೂ ಚೆಂದವಿರಲಿಲ್ಲ. ಅಮ್ಮ ಸುತ್ತ ಒಂದು ಸಲ ಬಂದಳು. ಅಂಗೈಯಿಂದ ತಳವನ್ನು ಮುಟ್ಟಿದಳು. ಆಮೇಲೆ ಕಾಫಿ ಮೂಟೆಯ ಕಟ್ಟೆಯ ಮೇಲೆ ಕೂತು, ಯಾವ ಪೀಠಿಕೆಯೂ ಇಲ್ಲದೆ ಕೇಳಿದಳು.

“ಆಚಾರ್ರೆ, ನೀವು ಆ ದೋಣಿ ನೋಡಿದ್ರಲ್ಲ. ನಮ್ಮ ದೋಣಿಗಂಡೀದು.”

“ನೋಡಿದ್ದೆ ಅಮ್ಮಾ. ಅಪ್ಪನೇ ಅದಕ್ಕೆ ಎರಡು ಸಲ ತೇಪೆ ಹಾಕಿದ್ದು.”

“ಅವತ್ತು ಅದು ದಾಟ್ತಿತ್ತಾ?”

ಯಾವತ್ತು ಎಂದು ಆಚಾರ್ರು ಕೇಳಲಿಲ್ಲ. ಈ ಸೀಮೆಯಲ್ಲಿ ಕೇಳಬೇಕಾಗಿಲ್ಲ. ಅವರು ಕೀಸುಳಿಯನ್ನು ಪಕ್ಕಕ್ಕೆ ಮಲಗಿಸಿ, ಚಹಾದ ಲೋಟ ಹಿಡಿದುಕೊಂಡು, ಬಹಳ ಹೊತ್ತು ಯೋಚಿಸಿದರು. ಸಮಾಧಾನಕ್ಕೆಂದು ಏನಾದರೂ ಹೇಳಿಯಾರೆಂದು ನಾನು ಅಂದುಕೊಂಡೆ. ಅವರು ಮರದ ಲೆಕ್ಕ ಹೇಳಿದರು. ಭಾರದ ದೋಣಿ, ಇಬ್ಬರು ಹೊರುವವರು, ಮಲಗಿದ ಬಾಣಂತಿ, ಅಂಬಿಗ. ನೀರಿನ ಸೆಳೆತಕ್ಕೆ ನೇರ ಹೋಗೋಕೆ ಆಗಲ್ಲ, ಮೇಲಕ್ಕೆ ಜಲ್ಲೆ ಹಾಕ್ಕೊಂಡು ಹೋಗಿ ಆಮೇಲೆ ಬಿಡಬೇಕು, ಎರಡು ಫರ್ಲಾಂಗು ಕೆಳಗೆ ಹೋಗಿ ದಡ ಸಿಕ್ಕೀತು.

“ದಾಟ್ತಿತ್ತೋ ಏನೋ ಅಮ್ಮಾ. ಸುಳ್ಳು ಹೇಳಲ್ಲ. ನಾಲ್ಕು ಜನ ಹುಟ್ಟು ಹಾಕಿದ್ರೆ ದಾಟ್ತಿತ್ತು.” ಒಂದು ಗುಟುಕು ಕುಡಿದರು. “ಆದ್ರೆ ಅವನು ವಾಪಸ್ ಬರ್ತಿರಲಿಲ್ಲ. ಆಚೆ ದಡದಲ್ಲಿ ನಿಮ್ಮೋರು ಇಳಿದು ಆಸ್ಪತ್ರೆಗೆ ಓಡ್ತಿದ್ರು. ಅವನು ಒಬ್ನೇ ಆ ಭಾರದ ದೋಣಿ ತಗೊಂಡು ಆ ಕತ್ತಲಲ್ಲಿ ತಿರುಗಬೇಕಿತ್ತು. ತಿರುಗೋಕಾಗದೆ ಅಲ್ಲೇ ಉಳಿದಿದ್ರೆ ಮಾರನೇ ದಿನ ಈಚೆ ಕಡೆ ದೋಣಿಯೇ ಇಲ್ಲ.”

ಅಮ್ಮ ಏನೂ ಮಾತಾಡಲಿಲ್ಲ. ಖಾಲಿ ಲೋಟ ತೆಗೆದುಕೊಂಡು ಹೋದಳು.

ನಾನು ಆ ರಾತ್ರಿ ಇದನ್ನೇ ಯೋಚಿಸುತ್ತಿದ್ದೆ. ನಮ್ಮ ಭಾಷೆ ಅಂಬಿಗನ ಬಗ್ಗೆ ಎಷ್ಟು ಮಾತಾಡಿದೆ! ಹನ್ನೆರಡನೇ ಶತಮಾನದಲ್ಲಿ ಚೌಡಯ್ಯ ಆ ಕಾಯಕವನ್ನೇ ಹೆಸರಿಗೆ ಹಚ್ಚಿಕೊಂಡ. ದಾಸರು, ಶರಣರು, ತತ್ವಪದದವರು ಎಲ್ಲರೂ ಭವಸಾಗರ ದಾಟಿಸೆಂದು ಅಂಬಿಗನನ್ನು ಕರೆದವರೇ. ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಓದಿದವರು ತುಂಗೆಯ ಪಾಲಾದ ಗುತ್ತಿಯ ನಾಯಿ ಹುಲಿಯನನ್ನು ಮರೆಯಲಾರರು. ಇವೆಲ್ಲದರಲ್ಲೂ ನಮ್ಮ ಕಣ್ಣು ಆಚೆ ದಡದ ಮೇಲೆಯೇ ಇರುತ್ತದೆ. ದೋಣಿಯಲ್ಲಿ ಕೂತವನಿಗೆ ಹೊಳೆ ಒಂದು ಸಲದ್ದು. ಅಂಬಿಗನಿಗೆ ಅದು ಯಾವಾಗಲೂ ಎರಡು ಸಲ. ಹೋದದ್ದರ ಎರಡರಷ್ಟು ಹೊಳೆಯನ್ನು ಅವನು ಲೆಕ್ಕ ಹಾಕಬೇಕು, ಅದರಲ್ಲಿ ಅರ್ಧವನ್ನು ಒಬ್ಬನೇ. ಹನ್ನೊಂದು ವರ್ಷದ ಹುಡುಗಿ ಲಾಟೀನು ಹಿಡಿದು ನಿಂತು ನೋಡಿದ್ದು ಒಂದು ದಾಟುವಿಕೆಯನ್ನು. ಐವತ್ತಮೂರು ವರ್ಷ ಅವಳು ಅದನ್ನೇ ನೋಡುತ್ತಿದ್ದಳು. ಅದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಅವಳ ಅಮ್ಮ ಆ ದಡದಲ್ಲೇ ಸತ್ತದ್ದು.

ಮೂರು ದಿನ ಕಳೆದ ಮೇಲೆ, ಊಟಕ್ಕೆ ಬಡಿಸುತ್ತಾ, ಅಮ್ಮ ಅವನ ಹೆಸರು ಹೇಳಿದಳು. “ಅವರಿಗೂ ಎರಡು ಸಣ್ಣ ಮಕ್ಕಳಿದ್ವು,” ಅಂದಳು. ‘ಅವನು’ ಹೋಗಿ ‘ಅವರು’ ಆಗಿದ್ದರು. ಅವರ ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ, ಹೆಸರು ಇಲ್ಲಿ ಬೇಡ.

ಕೊನೆಯ ಪಟ್ಟಿ ಕೂತ ಮೇಲೆ ಸಾವಿರಾರು ಪಿನ್ನು ಕೀಳುವ ಕೆಲಸ, ಆಮೇಲೆ ಕೀಸುವುದು, ಉಜ್ಜುವುದು. ಅಗಲ ಪಟ್ಟಿಗಳ ಮೂಲೆ ಸವೆದು ಬಳುಕಾಗುವವರೆಗೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಬೇಕು. ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ಸಿಗುತ್ತದೆ. ಕಣ್ಣು ಮುಚ್ಚಿ ಕೈಯಾಡಿಸಿ ಎಂದು ಆಚಾರ್ರು ಹೇಳಿಕೊಟ್ಟರು. ಕಾಲಿಂಚು ಇದ್ದದ್ದು ಇನ್ನೂ ತೆಳುವಾಯಿತು.

ಈಗ ರಾಳದ ಸರದಿ. ಎಪಾಕ್ಸಿ ಎಂದರೆ ಏನೆಂದು ಆಚಾರ್ರು ಕೇಳಿದಾಗ ರಾಳ ಎಂದೆ, ಸಾಕಾಯಿತು. ಆದರೆ ಧೂಪದ ರಾಳದಂತೆ ಇದನ್ನು ಕಾಸುವಂತಿಲ್ಲ. ರಾಳ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡನರ್ ಎರಡನ್ನೂ ತೂಕ ಮಾಡಿ ಬೆರೆಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಗಟ್ಟಿ; ಬಟ್ಟಲಲ್ಲೇ ಬಿಟ್ಟರೆ ಹೊಗೆಯಾಡುತ್ತದೆ. ಬೆಳಗ್ಗೆ ಹಚ್ಚುವಂತಿಲ್ಲ. ಹೊತ್ತೇರುತ್ತ ಮರ ಬಿಸಿಯಾದರೆ ಅದರ ಒಳಗಿನ ಗಾಳಿ ಹಿಗ್ಗಿ ರಾಳದಲ್ಲಿ ಗುಳ್ಳೆ ಏಳುತ್ತದೆ. ಇಳಿಹೊತ್ತಿನಲ್ಲಿ, ಸೆಕೆ ಇಳಿಯುವಾಗ ಹಚ್ಚಿದರೆ ಮರದೊಳಗಿನ ಗಾಳಿ ಕುಗ್ಗಿ ರಾಳವನ್ನು ಒಳಗೆ ಎಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ತೇವ. ಗಾಳಿಯಲ್ಲಿ ನೀರಿದ್ದರೆ ಹಾರ್ಡನರ್ ಅದರ ಜೊತೆ, ಇಂಗಾಲದ ಡೈಆಕ್ಸೈಡ್ ಜೊತೆ ಕೂಡಿಕೊಂಡು ಮೇಲೆ ಮೇಣದಂಥ ಜಿಗುಟು ಪೊರೆ ಕಟ್ಟುತ್ತದೆ. ಅದರ ಮೇಲೆ ಹಚ್ಚಿದ್ದು ಹಿಡಿಯುವುದಿಲ್ಲ.

ಮಲೆನಾಡಿನಲ್ಲಿ ತೇವವಿಲ್ಲದ ಗಾಳಿಯನ್ನು ಎಲ್ಲಿಂದ ತರುವುದು? ಆ ವರ್ಷ ಬಿಸಿಲು ವಿಪರೀತ. ಹೂಮಳೆಗೆ ಕಾದು ಕಾದು ಎಲ್ಲರ ಮುಖವೂ ಒಣಗಿತ್ತು. ಆದರೆ ಮೇ ತಿಂಗಳಲ್ಲಿ ಕೃತ್ತಿಕಾ ಮಳೆ ಶುರುವಾದದ್ದು ಬಿಡಲೊಲ್ಲದು. ಪ್ಲಾಂಟರುಗಳು ಫೋನಿನಲ್ಲಿ “ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು?” ಎಂದು ಖುಷಿಯಿಂದ ಕೇಳುವಾಗ ನಾನೊಬ್ಬ ಮೋಡ ನೋಡಿ ಕೊರಗುತ್ತಿದ್ದೆ. ತೇವ ಅಳೆಯುವ ಮೀಟರು ತರಿಸಿದ್ದೆ. ಅದಕ್ಕಿಂತ ನಂಬಿಕೆಯದು ಅಮ್ಮನದು. ಮಧ್ಯಾಹ್ನ ಒಗ್ಗರಣೆ ಮುಗಿದ ಮೇಲೆ ಉಪ್ಪಿನ ಭರಣಿಗೆ ಕೈ ಹಾಕಿ ನೋಡಿ, “ಉಪ್ಪು ನೀರು ಬಿಟ್ಟಿದೆ, ಇವತ್ತು ಬೇಡ” ಎನ್ನುತ್ತಿದ್ದಳು. ಒಂದು ದಿನ, “ಉಪ್ಪು ಉದುರ್ತಾ ಇದೆ, ಹಚ್ಚಿ” ಅಂದಳು. ಮೀಟರೂ ಒಪ್ಪಿತು.

ಆ ಸಂಜೆಯನ್ನು ಆಚಾರ್ರು ಈಗಲೂ ಹೇಳುತ್ತಾರೆ. ಬಿಳಿ ಗಾಜಿನ ಬಟ್ಟೆಯನ್ನು ದೋಣಿಯ ಮೇಲೆ ಹೊದಿಸಿದಾಗ ಹೆಣಕ್ಕೆ ಬಟ್ಟೆ ಹಾಕಿದ ಹಾಗಿದೆ ಎಂದು ಮುಖ ತಿರುಗಿಸಿದ್ದರು. ನಡುವಿನಲ್ಲಿ ರಾಳ ಸುರಿದು ರಬ್ಬರ್ ಪಟ್ಟಿಯಿಂದ ಅಂಚಿಗೆ ತಳ್ಳುತ್ತಾ ಹೋದ ಹಾಗೆ ಬಟ್ಟೆ ಮಾಯವಾಯಿತು. ಬಿಳುಪು ಕರಗಿ ಅದರಡಿಯಿಂದ ಗಂಧಗರಿಗೆಯ ಕೆಂಪು ಎದ್ದು ಬಂತು. ಒಣಗಿದ ಮರದಲ್ಲಿ ಇರದಿದ್ದ ಬಣ್ಣ, ಮಳೆಯಲ್ಲಿ ನೆಂದ ಮರದ ಬಣ್ಣ. ಒಂದೊಂದು ಪಟ್ಟಿಯ ಎಳೆಯೂ ಕಾಣುತ್ತಿತ್ತು. ಆಚಾರ್ರು ಹತ್ತಿರ ಬಂದು ನೋಡಿದರು. “ಬಟ್ಟೆ ಎಲ್ಲಿ ಹೋಯ್ತು?” ಎಂದು ಕೇಳಿದರು.

ಹೊರಗಿನದು ಆಗಿ, ದೋಣಿ ಮಗುಚಿ, ಅಚ್ಚು ಕಳಚಿ, ಒಳಗಿನದು ಮುಗಿಯುವಾಗ ರೋಹಿಣಿ ಅರ್ಧ ಕಳೆದಿತ್ತು. ಅಂಚಿಗೆ ಸಿಲ್ವರ್ ಓಕಿನ ಪಟ್ಟಿ ಹಿಡಿಸಿದೆವು. ಮೃಗಶಿರ ಹುಟ್ಟಿದ ಮೇಲೆ ಆಗುವ ಕೆಲಸ ಬೆತ್ತ ಹೆಣೆಯುವುದೊಂದೇ. ಬೆತ್ತಕ್ಕೆ ತೇವ ಬೇಕು. ಅದನ್ನು ಮಳೆಗಾಲಕ್ಕೆ ಬಿಟ್ಟೆವು. ವಾರ್ನಿಶ್ ಮಾತ್ರ ಮಳೆ ಬಿಡುವವರೆಗೂ ಕಾಯಬೇಕಾಯಿತು. ಎಪಾಕ್ಸಿ ನೀರಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಜಗ್ಗುತ್ತದೆ. ನೇರಳಾತೀತ ಕಿರಣ ತಡೆಯುವ ವಾರ್ನಿಶ್ ಅದರ ಮೇಲೆ ಬೇಕೇ ಬೇಕು. ಪ್ರತಿ ಕೋಟಿಗೆ ಮುಂಚೆ ಧೂಳು ಒರೆಸಲು ನೂಲು ಬಿಡದ ಬಟ್ಟೆ ಹುಡುಕುತ್ತಿದ್ದಾಗ ಅಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ಹತ್ತಿಯ ಸೀರೆ ತೆಗೆದು ಹರಿದು ಕೊಟ್ಟಳು. ಒಗೆದು ಒಗೆದು ಹೂವಿನಷ್ಟು ಮೆತ್ತಗಾಗಿತ್ತು. ಯಾರದೆಂದು ಕೇಳಲಿಲ್ಲ, ಅಂಚಿನ ನೇಯ್ಗೆ ಅಮ್ಮನ ಕಾಲದ್ದಲ್ಲ.

ಅಕ್ಟೋಬರಿನಲ್ಲಿ, ಚಿತ್ತಾ ಮಳೆಯ ನಡುವೆ ಸಿಕ್ಕಿದ ಒಂದು ಹೊಳವಿನ ದಿನ ಕೆರೆಗೆ ಇಳಿಸಿದೆವು. ಬೇಸಿಗೆಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ತಳ ಕಂಡಿದ್ದ ಕೆರೆ ಕೋಡಿ ಬಿದ್ದಿತ್ತು. ಕಾಫಿ ತಕ್ಕಡಿಯಲ್ಲಿ ತೂಗಿದಾಗ ದೋಣಿ 31 ಕೆ.ಜಿ. ಬಂತು; 50 ಕೆ.ಜಿ. ಮೂಟೆ ಹೊರುವ ಹುಡುಗರು ಇದೊಂದು ಭಾರವೇ ಎಂದು ನಕ್ಕರು. ಆಚಾರ್ರು ನೊಗದ ಕೆಳಗೆ ನನ್ನ ಹೆಗಲು ಸರಿಯಾಗಿ ಕೂತಿದೆಯೇ ನೋಡಿ, ಒಂದು ಸಲ ತಲೆಯಾಡಿಸಿದರು. ಹೂವು, ಕಾಯಿ ಆಯಿತು. ಮುಂದೆ ನಾನು, ಹಿಂದೆ ಆಚಾರ್ರು. ಅವರು ಹುಟ್ಟು ಹಿಡಿದದ್ದು ಹುಡುಗನಾಗಿದ್ದಾಗ ಹಿಡಿದದ್ದೇ ಕೊನೆಯಂತೆ, ಕೈ ಮರೆತಿರಲಿಲ್ಲ. ನೀರಿನ ಮೇಲೆ ಹೋದದ್ದೇ ತಿಳಿಯಲಿಲ್ಲ, ಅಷ್ಟು ಸದ್ದಿಲ್ಲ. ಕಾಲಡಿಯ ಮರದ ಮೂಲಕ ನೀರಿನ ತಂಪು ಗೊತ್ತಾಗುತ್ತಿತ್ತು. ಅಮ್ಮ ಏರಿಯ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಚಿಕ್ಕಮ್ಮ, ಅವತ್ತಿಗೆಂದೇ ಕರೆಸಿಕೊಂಡಿದ್ದಳು. ಹತ್ತಿ ಕೂತದ್ದು ಚಿಕ್ಕಮ್ಮ ಮಾತ್ರ. ಅಮ್ಮ, “ನಂಗೆ ಇಲ್ಲಿಂದ ಕಾಣ್ತದೆ” ಅಂದಳು.

ಈಗ ಕಾಫಿ ಕೊಯ್ಲಿನ ಸಮಯಕ್ಕೆ ದೋಣಿ ಗೋಡೌನಿನ ತೊಲೆಗೆ ನೇತಾಡುತ್ತದೆ, ಕೆಳಗೆ ಮೂಟೆಗಳು ಪೇರುತ್ತವೆ. ಬಂದ ನೆಂಟರು, ಕಾಫಿ ವ್ಯಾಪಾರಿಗಳು ತಲೆಯೆತ್ತಿ ನೋಡಿ, ಎಷ್ಟು ಖರ್ಚಾಯ್ತು, ಇದರಿಂದ ಏನು ಉಪಯೋಗ ಎಂದು ಕೇಳುತ್ತಾರೆ. ಖರ್ಚಿನ ಪ್ರಶ್ನೆ ನನಗೆ ಬಿಟ್ಟು ಎರಡನೆಯದಕ್ಕೆ ಅಮ್ಮನೇ ಉತ್ತರ ಕೊಡುತ್ತಾಳೆ.

“ಕೆರೆ ದಾಟಿ ವಾಪಸ್ ಬರ್ತದೆ,” ಎನ್ನುತ್ತಾಳೆ. “ಬನ್ನಿ, ಕಾಫಿ ಕುಡೀರಿ.”